ಪೈನ್ ಎಲೆಯ ಸಾರ ಹಸಿರಾಗಿ ನಿಲ್ಲುತ್ತಿಲ್ಲ, ಕಂದಾಗುತ್ತಿದೆ: ತೊಂದರೆ ಮರದ್ದೋ, ನನ್ನ ವಿಧಾನದ್ದೋ?

ಹಸಿರುಸೂಜಿ: ನಮಸ್ಕಾರ. ಅಕ್ಕಪಕ್ಕದಲ್ಲಿ ಎರಡು ಪೈನ್ ಮರಗಳಿವೆ. ಒಂದು ಚೆನ್ನಾಗಿದೆ, ಇನ್ನೊಂದರ ಸೂಜಿ ಎಲೆಗಳು ಒಂದು ತಿಂಗಳಿಂದ ಪೇಲವವಾಗಿವೆ. ಮರ ಒತ್ತಡದಲ್ಲಿದೆಯೇ ತಿಳಿಯಲು ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಫಿಲ್ ಅಳೆಯೋಣ ಅಂತ ಹೊರಟೆ. ಎಲೆ ಸಣ್ಣಗೆ ಕತ್ತರಿಸಿ, 80% ಅಸಿಟೋನ್ ಹಾಕಿ ಕುಟ್ಟಾಣಿಯಲ್ಲಿ ಅರೆದು ಸೋಸಿದೆ. ಅರೆಯುವಾಗ ಒಳ್ಳೆಯ ಹಸಿರಿತ್ತು. ಅರ್ಧ ಗಂಟೆಯೊಳಗೆ ಒಣಗಿದ ಪಾಚಿಯ ಬಣ್ಣಕ್ಕೆ ತಿರುಗಿತು. ಕ್ಲೋರೋಫಿಲ್ ಹೀರುವ ಕೆಂಪು ಬೆಳಕಿನಲ್ಲಿ, ಅಂದರೆ 663 ನ್ಯಾನೋಮೀಟರ್‌ನಲ್ಲಿ ಬೆಳಕು ಹೀರಿಕೆಯ ರೀಡಿಂಗೂ ತೀರಾ ಕಡಿಮೆ. ಮರ ಸಾಯುತ್ತಿದೆಯಾ? ತುಂಬಾ ಚಿಂತೆಯಾಗಿದೆ.

ಬಿಳಿಬಟ್ಟಲು: ಚೆನ್ನಾಗಿರುವ ಮರದ ಎಲೆಯನ್ನೂ ಇದೇ ರೀತಿ ಅರೆದು ನೋಡಿದಿರಾ?

ಹಸಿರುಸೂಜಿ: ಈಗ ನೋಡಿದೆ ಸರ್. ಅದೂ ಕಂದು.

ಬಿಳಿಬಟ್ಟಲು: ಹಾಗಾದರೆ ಈ ಬಣ್ಣ ಬಂದಿದ್ದು ಬಟ್ಟಲಿನಲ್ಲಿ, ಮರದಲ್ಲಲ್ಲ. ಪೈನ್ ಎಲೆಯೊಳಗೆ ಕ್ವಿನಿಕ್, ಶಿಕಿಮಿಕ್ ಥರದ ಆಮ್ಲಗಳು ಸಾಕಷ್ಟಿರುತ್ತವೆ. ಜೀವಂತ ಎಲೆಯಲ್ಲಿ ಅವು ಕ್ಲೋರೋಫಿಲ್‌ನಿಂದ ದೂರ, ಬೇರೆ ಕೋಶಭಾಗದಲ್ಲಿ ಇರುತ್ತವೆ. ಅರೆದಾಗ ಆ ಗೋಡೆಗಳೆಲ್ಲ ಒಡೆದು ಎರಡೂ ಬೆರೆತುಹೋಗುತ್ತವೆ. ಆಮ್ಲ ತಗುಲಿದರೆ ಕ್ಲೋರೋಫಿಲ್ ಅಣುವಿನ ನಡುವೆ ಕೂತಿರುವ ಮೆಗ್ನೀಸಿಯಂ ಕಳಚಿ, ಆ ಜಾಗಕ್ಕೆ ಎರಡು ಹೈಡ್ರೋಜನ್ ಬರುತ್ತವೆ. ಉಳಿಯುವುದು ಫಿಯೋಫೈಟಿನ್, ಬೂದು-ಕಂದು ಬಣ್ಣದ್ದು. ಕೆಂಪು ಬೆಳಕನ್ನು ಇದು ಕ್ಲೋರೋಫಿಲ್‌ನಷ್ಟು ಹೀರುವುದಿಲ್ಲ, ಅದಕ್ಕೇ ನಿಮ್ಮ ರೀಡಿಂಗ್ ಇಳಿದಿದ್ದು.

ಹೀಗೆ ಮಾಡಿ: ಅಸಿಟೋನ್ ಹಾಕುವ ಮೊದಲೇ ಎಲೆಗೆ ಒಂದು ಚಿಟಿಕೆ ಮೆಗ್ನೀಸಿಯಂ ಕಾರ್ಬೊನೇಟ್ ಸೇರಿಸಿ. ಅದಿಲ್ಲದಿದ್ದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆದೀತು. ಅರೆಯುವಾಗಲೇ ಆಮ್ಲ ತಟಸ್ಥವಾಗಬೇಕು, ಆಮೇಲೆ ಹಾಕಿ ಪ್ರಯೋಜನವಿಲ್ಲ. ಅಸಿಟೋನ್ ತಣ್ಣಗಿರಲಿ, ಬೆಳಕು ಕಡಿಮೆ ಇರಲಿ, ಹತ್ತಿರ ಬೆಂಕಿ ಬೇಡವೇ ಬೇಡ. ಸೋಸಿದ ತಕ್ಷಣ ಅಳೆಯಿರಿ.

ನನ್ನ ಮಾತು ಪರೀಕ್ಷಿಸಬೇಕೆಂದರೆ, ಕಾರ್ಬೊನೇಟ್ ಹಾಕಿ ತೆಗೆದ ಹಸಿರು ಸಾರವನ್ನು ಸ್ವಲ್ಪ ಬೇರೆ ತೆಗೆದಿಟ್ಟು, ಒಂದೆರಡು ತೊಟ್ಟು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಡಿ. ಕಣ್ಣೆದುರೇ ಕಂದಾಗುತ್ತದೆ. ಪೇಪರ್ ಕ್ರೊಮ್ಯಾಟೋಗ್ರಫಿ (ಸಾರದ ಬಣ್ಣಗಳನ್ನು ಕಾಗದದ ಮೇಲೆ ಬೇರ್ಪಡಿಸುವ ವಿಧಾನ) ಮಾಡಿದರಂತೂ ಕಿತ್ತಳೆ ಕ್ಯಾರೋಟಿನ್ ಪಟ್ಟಿಯ ಕೆಳಗೇ ಒಂದು ಬೂದು ಗೆರೆ ಮೂಡುತ್ತದೆ. ಅದೇ ಫಿಯೋಫೈಟಿನ್.

ಬೇರುಗೂದಲು: ಸಾರ ಸರಿಹೋದ ಮೇಲೂ ಹೋಲಿಕೆ ತಪ್ಪಬಹುದು, ಅದನ್ನೂ ಹೇಳಿಬಿಡ್ತೀನಿ. ಪೈನ್ ತನ್ನ ಎಲೆಗಳನ್ನು ಹಲವು ವರ್ಷ ಇಟ್ಟುಕೊಳ್ಳುತ್ತದೆ. ಈ ವರ್ಷದ ಎಲೆಯನ್ನು ಮೂರು ವರ್ಷದ್ದಕ್ಕೆ ಹೋಲಿಸಿದರೆ ನೀವು ಅಳೆಯುವುದು ವಯಸ್ಸನ್ನು, ಒತ್ತಡವನ್ನಲ್ಲ. ಎರಡೂ ಮರಗಳಿಂದ ಒಂದೇ ವರ್ಷದ, ಒಂದೇ ದಿಕ್ಕಿನ, ಒಂದೇ ಎತ್ತರದ ಎಲೆ ತೆಗೆದುಕೊಳ್ಳಿ. ಹಸಿ ತೂಕಕ್ಕೆ ಲೆಕ್ಕ ಹಾಕಬೇಡಿ. ನೀರು ಕಳೆದುಕೊಂಡ ಎಲೆಯಲ್ಲಿ ಗ್ರಾಂಗೆ ಕ್ಲೋರೋಫಿಲ್ ಜಾಸ್ತಿ ಇದ್ದಂತೆ ಕಂಡು, ಸೊರಗಿದ ಮರವೇ ಆರೋಗ್ಯವಾಗಿದೆ ಅನ್ನಿಸಿಬಿಡುತ್ತದೆ. ಅದೇ ಕೊಂಬೆಯ ಇನ್ನಷ್ಟು ಎಲೆ ಒಣಗಿಸಿ, ಒಣ ತೂಕ ಹಿಡಿಯಿರಿ.

470 ನ್ಯಾನೋಮೀಟರ್‌ನಲ್ಲೂ ಓದಿ, ಕ್ಯಾರೊಟಿನಾಯ್ಡ್ (ಎಲೆಯ ಹಳದಿ-ಕಿತ್ತಳೆ ವರ್ಣದ್ರವ್ಯ) ಲೆಕ್ಕ ಸಿಗುತ್ತದೆ. ಸಂಕಟದಲ್ಲಿರುವ ಎಲೆ ಸಾಮಾನ್ಯವಾಗಿ ಕ್ಲೋರೋಫಿಲ್ಲನ್ನು ಬೇಗ ಕಳೆದುಕೊಳ್ಳುತ್ತದೆ, ಕ್ಯಾರೊಟಿನಾಯ್ಡ್ ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ಒಂದೇ ಸಂಖ್ಯೆಗಿಂತ ಎರಡರ ಅನುಪಾತವನ್ನು ನಾನು ಹೆಚ್ಚು ನಂಬುತ್ತೇನೆ. ಆದರೆ ಕಡು ಚಳಿಗಾಲದಲ್ಲಿ ಈ ಅನುಪಾತ ಆರೋಗ್ಯವಂತ ಮರದಲ್ಲೂ ಇಳಿಯಬಹುದು. ಹೆಚ್ಚುವರಿ ಬೆಳಕಿನಿಂದ ಕಾಪಾಡಿಕೊಳ್ಳಲು ಎಲೆ ಝಿಯಾಝಾಂಥಿನ್ ಎಂಬ ಕ್ಯಾರೊಟಿನಾಯ್ಡ್ ಕೂಡಿಡುವ ಕಾಲ ಅದು.

ಇನ್ನೊಂದು ವಿಷಯ, ಹಳದಿ ಎಲ್ಲಿದೆ? ಹೊಸ ಎಲೆಯಲ್ಲೋ ಹಳೆಯದರಲ್ಲೋ?

ಹಸಿರುಸೂಜಿ: ಇಬ್ಬರಿಗೂ ತುಂಬಾ ಧನ್ಯವಾದ. ಮೆಗ್ನೀಸಿಯಂ ಕಾರ್ಬೊನೇಟ್ ಹಾಕಿ ಮತ್ತೆ ಮಾಡಿದೆ. ಎರಡೂ ಮರದ ಸಾರ ಹಸಿರಾಗೇ ನಿಂತಿತು! ಕಳೆದ ವರ್ಷದ ಎಲೆ ಹೋಲಿಸಿದರೆ ಪೇಲವ ಮರದಲ್ಲಿ ಒಣ ತೂಕಕ್ಕೆ ಕ್ಲೋರೋಫಿಲ್ ಕಡಿಮೆಯೇ ಇದೆ, ಕ್ಯಾರೊಟಿನಾಯ್ಡ್ ಜೊತೆಗಿನ ಅನುಪಾತವೂ ಇಳಿದಿದೆ. ಈ ವರ್ಷದ ಎಲೆಯಲ್ಲಿ ಅಂಥ ವ್ಯತ್ಯಾಸ ಇಲ್ಲ. ಲೆನ್ಸ್ ಹಿಡಿದು ನೋಡಿದೆ: ಹಳೆ ಎಲೆಗಳ ತುದಿ ಮಾತ್ರ ಹಳದಿ, ಬುಡ ಹಸಿರು, ನಡುವೆ ಗೆರೆ ಎಳೆದ ಹಾಗಿದೆ.

ಬೇರುಗೂದಲು: ಹಳೆ ಎಲೆ, ತುದಿ ಹಳದಿ, ಬುಡ ಹಸಿರು ಅಂದರೆ ನನಗೆ ಮೊದಲ ಅನುಮಾನ ಮೆಗ್ನೀಸಿಯಂ ಕೊರತೆ. ಮರ ಅದನ್ನು ಹಳೆ ಎಲೆಯಿಂದ ಎಳೆದು ಹೊಸದಕ್ಕೆ ಕೊಡುತ್ತದೆ. ಕಬ್ಬಿಣದ ಕೊರತೆಯಾಗಿದ್ದರೆ ಹೊಸ ಎಲೆಯೇ ಮೊದಲು ಬಿಳಚುತ್ತಿತ್ತು. ಈಗಲೇ ಗೊಬ್ಬರ ಸುರಿಯಬೇಡಿ. ಎರಡೂ ಮರದ ಎಲೆ ಮತ್ತು ಬುಡದ ಮಣ್ಣನ್ನು ಪರೀಕ್ಷೆಗೆ ಕಳಿಸಿ, ಪೊಟ್ಯಾಸಿಯಂ ಸಹ ಕೇಳಿ. ಅದು ಜಾಸ್ತಿಯಿದ್ದರೆ ಬೇರು ಮೆಗ್ನೀಸಿಯಂ ಹೀರುವುದಕ್ಕೆ ಅಡ್ಡಿಯಾಗುತ್ತದೆ.

ಹಸಿರುಸೂಜಿ: ಆ ಮರದ ಸುತ್ತ ಎರಡು ವರ್ಷದಿಂದ ಬೂದಿ ಹಾಕುತ್ತಾ ಬಂದಿದ್ದೇನೆ, ಇನ್ನೊಂದಕ್ಕೆ ಹಾಕಿಲ್ಲ. ಬೂದಿಯಲ್ಲಿ ಪೊಟ್ಯಾಸಿಯಂ ಇರುತ್ತದಲ್ಲವೇ? ನಾಳೆಯೇ ಮಣ್ಣು ತೆಗೆದು ಕಳಿಸುತ್ತೇನೆ.