ಫಾತಿಮತ್: ಕೊನೆಯ ‘ತ್’ ಎಲ್ಲಿಂದ ಬಂತು?

ಗೆಳೆಯರೇ,

ಒಂದು ಹೆಸರಿನ ಬಗ್ಗೆ ಕೇಳಬೇಕಿತ್ತು. ಕೇಳುವ ಮೊದಲು ನಾನು ಹುಡುಕಿ ಕಂಡುಕೊಂಡಿದ್ದನ್ನೂ ಹೇಳಿಬಿಡುತ್ತೇನೆ.

ನಾನು ದಕ್ಷಿಣ ಕನ್ನಡದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನ ಹಾಜರಿ ಪುಸ್ತಕದಲ್ಲಿ ಫಾತಿಮತ್, ಆಯಿಷತ್, ಖದೀಜತ್, ನಫೀಸತ್ ಅಂತ ಶುರುವಾಗುವ ಹೆಸರುಗಳು ಸಾಲಾಗಿ ಬರುತ್ತವೆ. ಅದಾದ ಮೇಲೆ ಇನ್ನೊಂದು ಹೆಸರು ಇರುತ್ತದೆ. ಹೋದ ವರ್ಷ ನಮ್ಮ ಹುಡುಗಿಯೊಬ್ಬಳು ಭಾಷಣ ಸ್ಪರ್ಧೆಗೆ ಅಂತ ಘಟ್ಟದ ಮೇಲಿನ ಊರಿಗೆ ಹೋಗಿದ್ದಳು. ಅಲ್ಲಿನ ಪಟ್ಟಿಯಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿತ್ತು. ಕೊನೆಗೆ ಎಂ, ಎ, ಟಿ, ಎಚ್. ಓದಿದವರು ‘ಫಾತಿ ಮಠ’ ಅಂತ ಕರೆದರು, ಹಿರೇಮಠ, ಸಾಲಿಮಠ ಅನ್ನುವ ಹಾಗೆ. ಮೂರು ಸಲ ಕರೆದರೂ ಅವಳು ಏಳಲಿಲ್ಲ. ತನ್ನದೇ ಹೆಸರು ಅಂತ ಗೊತ್ತಾಗಬೇಕಲ್ವಾ? ವಾಪಸ್ ಬಂದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: “ಟೀಚರ್, ಆ ‘ತ್’ ತಪ್ಪಾ? ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವಾಗ ತೆಗೆಸಿಬಿಡ್ಲಾ?”

ತಪ್ಪಲ್ಲ ಅಂತ ನನಗೆ ಅನ್ನಿಸಿತು. ಆದರೆ ಯಾಕೆ ತಪ್ಪಲ್ಲ ಅಂತ ಹೇಳಲು ಆಗಲಿಲ್ಲ. ಆಗಿನಿಂದ ಈ ಹೆಸರಿನ ಬೆನ್ನು ಹತ್ತಿದ್ದೇನೆ.

ಮೊದಲು ಅರ್ಥ ನೋಡೋಣ. ಮಕ್ಕಳ ಹೆಸರಿನ ವೆಬ್‌ಸೈಟುಗಳಲ್ಲಿ ಫಾತಿಮಾ ಅಂದರೆ ‘ಆಕರ್ಷಕ’, ‘ಮನಸೆಳೆಯುವವಳು’ ಅಂತ ಹಾಕಿರುತ್ತಾರೆ. ಅದು ಸರಿಯಲ್ಲ. ಅರಬಿಯಲ್ಲಿ ಈ ಹೆಸರಿನ ಬೇರು ಫ-ತ-ಮ. ಕತ್ತರಿಸು, ಬೇರೆ ಮಾಡು ಅನ್ನುವುದು ಅದರ ಮೂಲ ಅರ್ಥ. ಬಳಕೆಯಲ್ಲಿ ನಿಂತ ಅರ್ಥ, ಕೂಸಿಗೆ ಎದೆಹಾಲು ಬಿಡಿಸು ಅಂತ. ‘ಫಿತಾಮ್’ ಅಂದರೆ ಹಾಲು ಬಿಡಿಸುವುದು. ಇವತ್ತಿನ ಅರಬಿಯಲ್ಲೂ ಆ ಮಾತಿದೆ. ಮರಿಗೆ ಹಾಲು ಬಿಡಿಸಿದ ಹೆಣ್ಣು ಒಂಟೆಗೆ ‘ಫಾತಿಮ್’ ಅನ್ನುತ್ತಿದ್ದರು. ಹಾಗಾಗಿ ಫಾತಿಮಾ ಅಂದರೆ ಕೂಸಿಗೆ ಹಾಲು ಬಿಡಿಸುವ ತಾಯಿ.

ಹುಟ್ಟಿದ ಹೆಣ್ಣುಮಗುವಿಗೆ ಇಂಥ ಹೆಸರು ಯಾಕೆ ಅಂತ ಮೊದಲು ನನಗೂ ಅನ್ನಿಸಿತ್ತು. ಹಾಲು ಬಿಡಿಸುವುದು ಸಣ್ಣ ಸಂಗತಿ ಅಲ್ಲ. ಬೇವಿನ ಸೊಪ್ಪು ಅರೆದು ಎದೆಗೆ ಸವರಿಕೊಂಡು ಕೂಸನ್ನು ದೂರ ಮಾಡಿದ ತಾಯಂದಿರಿಗೆ ಇದು ಗೊತ್ತು. ಆ ದಿನ ಬಂತು ಅಂದರೆ ಕೂಸು ಬದುಕಿ ಗಟ್ಟಿಯಾಗಿದೆ, ಅನ್ನ ತಿನ್ನುತ್ತಿದೆ ಅಂತ ಅರ್ಥ. ಇದರ ಪಕ್ಕಕ್ಕೆ ಇನ್ನೆರಡು ಹೆಸರು ಇಟ್ಟು ನೋಡಿ. ಆಯಿಷಾ ಅಂದರೆ ಬಾಳುವವಳು, ಬದುಕಿರುವವಳು. ಖದೀಜಾ ಅಂದರೆ ದಿನ ತುಂಬುವ ಮೊದಲೇ ಹುಟ್ಟಿದವಳು. ಮೂರೂ ಕೂಸಿನ ಉಳಿವಿನ ಸುತ್ತಲೇ ಇವೆ. ಹುಟ್ಟಿದ ಮಕ್ಕಳು ಉಳಿಯುವುದೇ ಕಷ್ಟ ಆಗಿದ್ದ ಕಾಲದ ಹೆಸರುಗಳು ಇವು ಅಂತ ನನ್ನ ಎಣಿಕೆ. ನಮ್ಮಲ್ಲೂ ಮಕ್ಕಳು ನಿಲ್ಲದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ, ತಿಪ್ಪವ್ವ ಅಂತ ಕರೆಯುತ್ತಿದ್ದರಲ್ಲ. ದಾರಿ ಬೇರೆ, ಆಸೆ ಒಂದೇ.

ಹೆಸರು ಇಸ್ಲಾಮಿಗಿಂತ ಹಳೆಯದು. ಪ್ರವಾದಿ ಮುಹಮ್ಮದರ ತಂದೆಯ ತಾಯಿ ಫಾತಿಮಾ. ಪ್ರವಾದಿಯವರ ಅಳಿಯ ಅಲಿಯವರ ತಾಯಿಯೂ ಫಾತಿಮಾ. 6ನೇ ಶತಮಾನದ ಕವಿ ಇಮ್ರುಲ್ ಖೈಸ್ ತನ್ನ ಹೆಸರಾಂತ ಕವಿತೆಯಲ್ಲಿ ನಲ್ಲೆಯನ್ನು ಹೆಸರಿನ ಕೊನೆ ಮುರಿದು, ಬರೀ ‘ಫಾತಿಮ್’ ಅಂತ ಕರೆಯುತ್ತಾನೆ. ಮನೆಯಲ್ಲಿ ಒಬ್ಬರಿಗಿಂತ ಜಾಸ್ತಿ ಫಾತಿಮಾಗಳು ಇರುತ್ತಿದ್ದರಿಂದ ‘ಫವಾತಿಮ್’ ಅಂತ ಬಹುವಚನವೂ ಇತ್ತು. ಪ್ರವಾದಿಯವರು ಅಲಿಯವರಿಗೆ ಒಂದು ರೇಷ್ಮೆ ಬಟ್ಟೆ ಕೊಟ್ಟು, ಇದನ್ನು ಹರಿದು ಫವಾತಿಮ್‌ಗಳಿಗೆ ತಲೆವಸ್ತ್ರ ಮಾಡಿ ಹಂಚು ಅಂದ ಮಾತು ಹದೀಸಿನಲ್ಲಿ, ಅಂದರೆ ಪ್ರವಾದಿಯವರ ನಡೆನುಡಿಯ ವರದಿಗಳಲ್ಲಿ, ಬರುತ್ತದೆ. ಆದರೆ ಹೆಸರು ಲೋಕಕ್ಕೆಲ್ಲ ಹಬ್ಬಿದ್ದು ಪ್ರವಾದಿಯವರ ಮಗಳು ಫಾತಿಮಾ ಅವರಿಂದ. ನರಕದ ಬೆಂಕಿಯಿಂದ ಬೇರೆ ಮಾಡಲ್ಪಟ್ಟವಳು ಅನ್ನುವ ಭಕ್ತಿಯ ಅರ್ಥವೂ ಅವರ ಕಾರಣದಿಂದಲೇ ಸೇರಿಕೊಂಡಿತು. ಬೇರು ಮಾತ್ರ ಅದೇ, ಬೇರೆ ಮಾಡು.

ಈಗ ‘ತ್’ಗೆ ಬರೋಣ. ನನಗೆ ತುಂಬ ಖುಷಿ ಕೊಟ್ಟಿದ್ದು ಈ ಭಾಗ.

ಅರಬಿಯಲ್ಲಿ ಫಾತಿಮಾ, ಆಯಿಷಾ, ಖದೀಜಾ ಹೆಸರುಗಳ ಕೊನೆಯಲ್ಲಿ ಒಂದು ವಿಶೇಷ ಅಕ್ಷರ ಇದೆ. ಹೆಸರು ‘ತಾ ಮರ್ಬೂತಾ’, ಅಂದರೆ ಕಟ್ಟಿದ ‘ತ’. ಮಾತು ಅಲ್ಲಿಗೇ ನಿಂತರೆ ಅದರ ‘ತ’ ಕೇಳಿಸುವುದಿಲ್ಲ. ಮುಂದಿನ ಪದಕ್ಕೆ ಹೊಂದಿಕೊಂಡರೆ ಕೇಳಿಸುತ್ತದೆ. ಮದರಸಕ್ಕೆ ಹೋದ ಯಾವ ಮಗುವನ್ನಾದರೂ ಕೇಳಿ. ಕುರಾನಿನ ಅಧ್ಯಾಯಕ್ಕೆ ಬರೀ ‘ಸೂರಾ’ ಅನ್ನುತ್ತದೆ, ಆದರೆ ಮೊದಲ ಅಧ್ಯಾಯಕ್ಕೆ ‘ಸೂರತುಲ್ ಫಾತಿಹಾ’. ಹಾಗೆಯೇ ರಾತ್ರಿಗೆ ‘ಲೈಲಾ’, ಆದರೆ ರಮಝಾನಿನ ಆ ಪುಣ್ಯದ ರಾತ್ರಿಗೆ ‘ಲೈಲತುಲ್ ಖದ್ರ್’. ಫಾತಿಮಾ ಅವರ ಬಿರುದು ಝಹ್ರಾ, ಬೆಳಗುವವಳು. ಎರಡೂ ಸೇರಿದಾಗ ‘ಫಾತಿಮತುಝ್ಝಹ್ರಾ’.

ಕ್ಲಾಸಿನಲ್ಲಿ ಇದನ್ನು ಹೇಳಲು ನನಗೆ ಸಿಕ್ಕಿದ್ದು ನಮ್ಮ ‘ಮರ’. ಮರ ಅಂದಾಗ ಅದರಲ್ಲಿ ‘ದ’ ಎಲ್ಲಿದೆ? ಆದರೆ ಮರದ, ಮರದಲ್ಲಿ, ಮರದಿಂದ ಅಂದ ಕೂಡಲೇ ಬಂದುಬಿಡುತ್ತದೆ. ಮಕ್ಕಳಿಗೆ ತಟ್ಟನೆ ಹಿಡಿಯಿತು.

ಹಾಗಾದರೆ ಫಾತಿಮತ್ ಹೆಸರಿನ ‘ತ್’ ಸುಮ್ನೆ ಅಂಟಿಕೊಂಡಿದ್ದಲ್ಲ. ಮುಂದೆ ಇನ್ನೊಂದು ಹೆಸರು ಬರುವುದರಿಂದ ಎದ್ದು ಬಂದಿದ್ದು. ಒಳಗೇ ಇದ್ದದ್ದು ಹೊರಗೆ ಕೇಳಿಸುತ್ತಿದೆ.

ಇನ್ನೊಂದು ವಿಷಯ. ಈ ಕಟ್ಟಿದ ‘ತ’ ನಮ್ಮ ಕನ್ನಡದೊಳಗೂ ಎರಡು ವೇಷದಲ್ಲಿ ಇದೆ. ಅರಬಿಯಿಂದ ಪಾರಸಿಗೆ ಬಂದಾಗ ಕೆಲವು ಪದಗಳಲ್ಲಿ ‘ತ’ ಉಳಿಯಿತು, ಕೆಲವದರಲ್ಲಿ ಬಿದ್ದುಹೋಯಿತು. ಉಳಿದದ್ದು ಕನ್ನಡದಲ್ಲಿ ಕಿಮ್ಮತ್ತು, ದೌಲತ್ತು, ಅಮಾನತ್ತು, ಹರಕತ್ತು ಆಯಿತು. ಬಿದ್ದುಹೋದದ್ದು ಕಾಯಿದೆ, ಫಾಯಿದೆ, ಇಲಾಖೆ, ಇರಾದೆ, ತರ್ಜುಮೆ ಆಯಿತು. ಇವೆಲ್ಲದರ ಕೊನೆಯಲ್ಲೂ ಅರಬಿಯಲ್ಲಿ ಇರುವುದು ಅದೇ ಒಂದು ಅಕ್ಷರ! ಕಿಮ್ಮತ್ತು, ಕಾಯಿದೆ ಎರಡೂ ಒಂದೇ ಬಾಲದ ಪದಗಳು ಅಂತ ಗೊತ್ತಾದ ದಿನ ನಾನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಓಡಾಡಿದೆ.

ಹೆಸರುಗಳ ಹರಡಿಕೆಯಲ್ಲೂ ಈ ಎರಡು ದಾರಿ ಕಾಣುತ್ತದೆ. ಇರಾನಿನಲ್ಲಿ ಹೆಂಗಸರ ಹೆಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ಫಾತೆಮೆ. ಟರ್ಕಿಯಲ್ಲೂ ಮೊದಲ ಸ್ಥಾನ ಫಾತ್ಮಾ ಹೆಸರಿಗೇ, ಅದರ ಹಿಂದೆ ಆಯ್ಶೆ, ಎಮಿನೆ, ಹತಿಜೆ. ಯಾವುದರಲ್ಲೂ ಕೊನೆಯ ‘ತ’ ಇಲ್ಲ. ಉರ್ದು, ದಖನಿ ಮಾತಾಡುವ ನಮ್ಮ ಒಳನಾಡಿನಲ್ಲೂ ಫಾತಿಮಾ, ಫಾತಿಮಾಬಿ, ಫಾತಿಮಾ ಬೇಗಂ. ಆದರೆ ಪಶ್ಚಿಮ ಆಫ್ರಿಕಾಕ್ಕೆ ಹೋಗಿ. ಮಾಲಿ, ಸೆನೆಗಲ್, ಗ್ಯಾಂಬಿಯಾಗಳಲ್ಲಿ ಫಾತುಮಾತಾ, ಅಮಿನಾತಾ, ಕದಿಯಾತು. ಗ್ಯಾಂಬಿಯಾಕ್ಕೆ ಫಾತುಮಾತಾ ಜಲ್ಲೋ ತಂಬಜಾಂಗ್ ಅನ್ನುವ ಉಪಾಧ್ಯಕ್ಷೆ ಇದ್ದರು. ನಮ್ಮ ಹತ್ತಿರದ ಮಾಲ್ಡೀವ್ಸಿನಲ್ಲಿ ಫಾತಿಮತ್, ಆಯಿಷತ್, ಅಮಿನತ್ ಮನೆಮನೆಯ ಹೆಸರು. 2011ರಲ್ಲಿ ದಕ್ಷಿಣ ಏಷ್ಯಾ ದೇಶಗಳ ಸಾರ್ಕ್ ಸಂಘಟನೆಗೆ ಮೊದಲ ಮಹಿಳಾ ಮಹಾಕಾರ್ಯದರ್ಶಿಯಾದ ಮಾಲ್ಡೀವ್ಸಿನ ಫಾತಿಮತ್ ದಿಯಾನಾ ಸಯೀದ್ ಅವರ ಹೆಸರಿನಲ್ಲೂ ನಮ್ಮ ಹುಡುಗಿಯ ಅದೇ ‘ತ್’ ಇದೆ. ಆಮೇಲೆ ಕಾಸರಗೋಡು, ಮಂಗಳೂರು. ಅರಬರ ಜೊತೆಗೆ ನೇರ ಒಡನಾಟ ಇದ್ದ ಕಡೆ ‘ತ’ ಉಳಿದಿದೆ, ಪಾರಸಿ ನಡುವೆ ಬಂದ ಕಡೆ ಬಿದ್ದಿದೆ ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಅಭಿಪ್ರಾಯ ಹೇಳಿ.

ಆದರೆ ಕರಾವಳಿಯಲ್ಲೂ ಇದು ಎಲ್ಲ ತಲೆಮಾರಿನ ರೂಪ ಅಲ್ಲ. ಆ ಹುಡುಗಿಯ ಅಜ್ಜಿ ಬೀಫಾತಿಮ್ಮ. ಅವರ ಓರಗೆಯವರು ಐಸಮ್ಮ, ಖತೀಜಮ್ಮ, ಪಾತುಮ್ಮ. ಅರಬಿ ಹೆಸರಿಗೆ ನಮ್ಮ ಮಣ್ಣಿನ ‘ಅಮ್ಮ’ ಸೇರಿಸಿ ಕರೆದಿದ್ದು. ಹೀಗೆ ಅಜ್ಜಿಯ ಹೆಸರಿನ ಕೊನೆಯಲ್ಲಿ ಅಮ್ಮ, ಮೊಮ್ಮಗಳ ಹೆಸರಿನ ಕೊನೆಯಲ್ಲಿ ತ್. ನನಗೆ ಎರಡೂ ಇಷ್ಟ. ‘ಅಮ್ಮ’ ಸೇರಿದ ಹೆಸರು ಹೊಸ ಮಕ್ಕಳಿಗೆ ಇಡುವುದು ನಿಂತೇ ಹೋಗಿದೆ ಅನ್ನುವುದು ಬೇಸರದ ಸಂಗತಿ.

ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲೂ ಫಾತಿಮಾ ಇದ್ದಾರೆ. ಅದು ಪೋರ್ಚುಗಲ್ಲಿನ ಫಾತಿಮಾ ಊರಿನಿಂದ ಬಂದ ಹೆಸರು. 1917ರಲ್ಲಿ ಅಲ್ಲಿ ಕುರಿ ಕಾಯುವ ಮೂರು ಮಕ್ಕಳಿಗೆ ಮರಿಯಮ್ಮ ಕಾಣಿಸಿಕೊಂಡಳು ಅಂತ ನಂಬಿಕೆ. ಊರಿನ ಹೆಸರು ಮಾತ್ರ ಅರಬಿಯದೇ.

ಈಗ ನನ್ನ ಪ್ರಶ್ನೆಗಳು. ಈ ಹೆಸರಿಗೆ ವಿಭಕ್ತಿ ಹೇಗೆ ಹಚ್ಚುತ್ತೀರಿ? ಕಿಮ್ಮತ್ತಿಗೆ ಅನ್ನುವ ಹಾಗೆ ‘ಫಾತಿಮತ್ತಿಗೆ’ ಅನ್ನಬೇಕಾ, ‘ಫಾತಿಮತ್‌ಗೆ’ ಸಾಕಾ? ಮಕ್ಕಳು ಎರಡನೆಯದನ್ನೇ ಆಡುತ್ತಾರೆ, ನಾನೂ ಅದನ್ನೇ ಬರೆಯುತ್ತೇನೆ. ಭಟ್ಕಳದ ನವಾಯತ ಮುಸ್ಲಿಮರ ಮನೆಗಳಲ್ಲಿ ಈ ‘ತ್’ ಇದೆಯಾ? ಬೀದರ್, ಕಲಬುರಗಿ ಕಡೆಯ ಹಳೆಯ ದಾಖಲೆಗಳಲ್ಲಿ ಎಲ್ಲಾದರೂ ಕಂಡಿದ್ದೀರಾ?

ಹುಡುಗಿ ಅರ್ಜಿ ತುಂಬಿದಳು. ‘ತ್’ ಹಾಗೇ ಇದೆ. ಕನ್ನಡದಲ್ಲಿ ಬರೆಯುವ ಜಾಗದಲ್ಲಿ ಮಹಾಪ್ರಾಣದ ಥ್ ಅಲ್ಲ, ಬರೀ ತ್ ಅಲ್ವಾ ಟೀಚರ್ ಅಂತ ಎರಡು ಸಲ ಕೇಳಿ ಬರೆದಳು.