ಸಹಾಯ ಬೇಕು: ಕಾಲು ಸೋತ ಹುಂಜಕ್ಕೆ ದಯಾಮರಣ ಕೊಡಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ಮರಿಯಿಂದ ಸಾಕಿದ, ಇನ್ನೂ ವರ್ಷ ತುಂಬದ ನಾಟಿ ಹುಂಜವೊಂದು ಕೆಲವು ವಾರಗಳಿಂದ ಎದ್ದು ನಿಲ್ಲಲಾರದೆ, ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿಕೊಂಡು ಮಲಗಿದಲ್ಲೇ ಇದೆ. ಕೊಕ್ಕರೆ ರೋಗದ (ಕೋಳಿಗಳ ರಾಣಿಖೇತ್ ರೋಗ) ಲಕ್ಷಣಗಳಿಲ್ಲ, ಇದು ಬಹುಶಃ ಮ್ಯಾರೆಕ್ಸ್ ಎಂದು ಪಶುವೈದ್ಯರು ಹೇಳಿದ್ದಾರೆ. ಈ ವೈರಸ್ ರೋಗಕ್ಕೆ ಮದ್ದಿಲ್ಲ. ಮರಿ ಹುಟ್ಟಿದ ದಿನವೇ ಹಾಕಬೇಕಾದ ಲಸಿಕೆಯೊಂದೇ ದಾರಿ, ಅದು ಈಗ ನಮ್ಮ ಹುಂಜದ ಉಪಯೋಗಕ್ಕೆ ಬರುವುದಿಲ್ಲ.

ಸೂಜಿ ತೆಗೆದ ಸಿರಿಂಜಿನಿಂದ ತೆಳುವಾದ ರಾಗಿ ಅಂಬಲಿಯನ್ನು ಕೊಕ್ಕಿನ ಬದಿಗೆ ತೊಟ್ಟು ತೊಟ್ಟಾಗಿ ಕುಡಿಸುತ್ತಿದ್ದೇವೆ. ಹುಣ್ಣಾಗದಿರಲೆಂದು ಆಗಾಗ ಮಗ್ಗುಲು ಬದಲಿಸಿ, ಕೆಳಗಿನ ಭತ್ತದ ಹುಲ್ಲನ್ನೂ ಬದಲಿಸುತ್ತೇವೆ. ಆದರೂ ಎದೆಮೂಳೆ ಈಗ ಕೈಗೆ ಅಲಗಿನಂತೆ ತಗಲುತ್ತದೆ. ನಸುಕಿನಲ್ಲಿ ಕತ್ತೆತ್ತಿ ಕೂಗಲು ನೋಡುತ್ತದೆ, ಬರುವುದು ಉಸಿರು ಮಾತ್ರ. "ಕೋಳಿಗೂ ಇಷ್ಟು ಉಪಚಾರವೇ" ಎನ್ನುವ ನೆಂಟರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇವೆ.

ಅನುಭವವುಳ್ಳವರು ದಯವಿಟ್ಟು ತಿಳಿಸಿ: ಹಕ್ಕಿಗೆ ನೋವು ಮಿತಿಮೀರಿದೆ ಎಂದು ಯಾವ ಲಕ್ಷಣಗಳಿಂದ ಗುರುತಿಸುತ್ತೀರಿ? ಕತ್ತು ಮುರಿಯುವುದಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ಮೊದಲು ಅರಿವಳಿಕೆ ಕೊಟ್ಟು ಅನಂತರ ಚುಚ್ಚುಮದ್ದಿನಿಂದ ದಯಾಮರಣ ನೀಡುವ, ಕೋಳಿಗಳನ್ನೂ ನೋಡುವ ವೈದ್ಯರು ಶಿವಮೊಗ್ಗದ ಕಡೆ ಇದ್ದಾರೆಯೇ? ಉದುರಿದ ಗರಿಯ ಧೂಳಿನಲ್ಲಿ ಈ ವೈರಸ್ ತಿಂಗಳುಗಟ್ಟಲೆ ಉಳಿಯುವುದರಿಂದ, ಗೂಡಿನಲ್ಲಿರುವ ಹೇಂಟೆಗಳ ನಡುವೆ ಹೊಸ ಮರಿಗಳನ್ನು ಬಿಡುವುದಕ್ಕೆ ಮುನ್ನ ನೀವು ಏನು ಮಾಡಿದಿರಿ ಎಂಬುದನ್ನೂ ಬರೆದರೆ ಉಪಕಾರವಾಗುತ್ತದೆ.