ಸಹಾಯ ಬೇಕು: ಮೊದಲ ಕೊರಿಯನ್ ಡ್ರಾಮಾ ಯಾವುದು ನೋಡಲಿ?

ತಂಗಿ ಮಾತು ಕೇಳಿ 'ರಿಪ್ಲೈ 1988' ಶುರು ಮಾಡಿದೆ. ಸಿಯೋಲ್‌ನ ಒಂದು ಓಣಿ. ಊಟದ ಹೊತ್ತಿಗೆ ಮಕ್ಕಳು ಬಟ್ಟಲು ಹಿಡಿದು ಮನೆಯಿಂದ ಮನೆಗೆ ಓಡಾಡುತ್ತಾರೆ, ಇವರ ಅಡುಗೆ ಅವರಿಗೆ, ಅವರದ್ದು ಇವರಿಗೆ. ನಮ್ಮ ವಠಾರವೇ ಅಲ್ವಾ ಇದು! ಆದರೆ 20 ಕಂತು, ಒಂದೊಂದೂ ಒಂದೂವರೆ ಗಂಟೆ ಹತ್ತಿರ. ರಾತ್ರಿ ಪಾತ್ರೆ ತೊಳೆದು ಕೂತರೆ ಅರ್ಧಕ್ಕೇ ತೂಕಡಿಕೆ. ಸಬ್‌ಟೈಟಲ್ ಬೇರೆ, ಕಣ್ಣು ಮುಚ್ಚಿದರೆ ಕಥೆ ಹೋಯ್ತು.

16 ಕಂತಿನ 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು', 'ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ', ಎರಡರಲ್ಲಿ ಯಾವುದು ಮೊದಲು? ವಕೀಲೆಯ ಕಥೆಯಲ್ಲಿ ಹೆಚ್ಚುಕಡಿಮೆ ಕಂತಿಗೊಂದು ಕೇಸ್ ಅಂತೆ. ನನ್ನ ನಿದ್ದೆಗೆ ಅದೇ ಸರಿ ಅನಿಸುತ್ತಿದೆ. 'ಸ್ಕ್ವಿಡ್ ಗೇಮ್' ಮಾತ್ರ ಹೇಳಬೇಡಿ. ಮೊದಲ ಸೀಸನ್ 9 ಕಂತೇ ಆದರೂ ರಕ್ತ ಜಾಸ್ತಿ, ಪಕ್ಕದಲ್ಲಿ ಅಮ್ಮ ಕೂತಿರುತ್ತಾರೆ.